ನನ್ನ ಹೆಸರು ಇಂಚು ಟೇಪಲ್ಲ

ಇಂಚರ. ಮೂರೇ ಅಕ್ಷರ. ಒತ್ತಿಲ್ಲ, ದೀರ್ಘವಿಲ್ಲ. ಆದರೂ ಬೆಂಗಳೂರಿನ ಕೌಂಟರುಗಳಲ್ಲಿ ನಾನು ದಿನಾ 'ಇಂಚಾರಾ' ಆಗುತ್ತೇನೆ. ಮೊನ್ನೆ ಆಸ್ಪತ್ರೆಯಲ್ಲಿ 'ಇನ್‌ಚಾರ್ಜ್ ಯಾರು?' ಅಂತ ಕೂಗಿದರು. ನಾನು ಸುಮ್ನೆ ಕೂತಿದ್ದೆ, ಸರದಿಯೇ ತಪ್ಪಿಹೋಯಿತು!

ಇಂಗ್ಲಿಷ್ ಸ್ಪೆಲಿಂಗಿನಲ್ಲಿ 'ರ', 'ರಾ' ಎರಡೂ ಒಂದೇ ಥರ ಕಾಣುತ್ತವೆ, ಒಪ್ಪಿಕೊಂಡೆ. ಆದರೆ ಕನ್ನಡದವರೇ 'ಇದು ಬಂಗಾಳಿ ಹೆಸರಾ?' ಅಂದರೆ ಮೈ ಉರಿಯುತ್ತದೆ. ಇನಿದು ಅಂದರೆ ಸಿಹಿ, ಸರ ಅಂದರೆ ಸ್ವರ. ಎರಡೂ ಸೇರಿ ಇಂಚರ, ಅಂದರೆ ಇಂಪಾದ ದನಿ. ಶಾಲೆಯಲ್ಲಿ ಕರ್ಮಧಾರಯ ಸಮಾಸಕ್ಕೆ ಇದೇ ಉದಾಹರಣೆ ಬರೆದು ಅಂಕ ತಗೊಂಡವರಲ್ವಾ ನೀವು? ಸಕಾರ ಹೋಗಿ ಚಕಾರ ಬಂದದ್ದು ಮರೆತೇಹೋಯ್ತಾ?

ಕೋಗಿಲೆ ಕೂಗಿದರೆ 'ಆಹಾ, ಇಂಚರ' ಅಂತೀರಿ. ನನಗೆ ಮಾತ್ರ 'ಏ ಇಂಚು, ಬಾ ಇಲ್ಲಿ'.