ನೆಲ ಕುಸಿದರೆ ಇಡೀ ನೆಲವನ್ನೇ ಒಡೆಯಬೇಕಾ?

ಯಾವ ಗೌಂಡಿಯನ್ನು ಕರೆಸಿದರೂ ಒಂದೇ ಮಾತು. "ಪೂರಾ ಒಡದು ಹಾಕೂದ ಚಲೋ ರೀ." ಬಾಗಿಲಲ್ಲೇ ನಿಂತು ನೋಡುತ್ತಾರೆ, ಟೇಪ್ ಹಿಡಿದು ಚದರಡಿ ಲೆಕ್ಕ ಹಾಕುತ್ತಾರೆ, ರೇಟು ಹೇಳುತ್ತಾರೆ. ನೆಲ ಯಾಕೆ ಕುಸಿಯಿತು ಅಂತ ಒಬ್ಬರಾದರೂ ಕೇಳಬೇಕಲ್ವಾ? ಕೇಳಲ್ಲ. ನನಗೆ ತಲೆ ಕೆಟ್ಟುಹೋಗಿದೆ.

ನಮ್ಮದು ಹುಬ್ಬಳ್ಳಿಯ ಹೊಸ ಬಡಾವಣೆಯ ಮನೆ. ಕೆಳಗೆಲ್ಲ ಎರೆಮಣ್ಣು. ಗೋಡೆಗಳು ಗಟ್ಟಿಯಾಗೇ ಇವೆ, ಒಂದು ಬಿರುಕೂ ಇಲ್ಲ. ಇಳಿದಿರುವುದು ನಡುಮನೆಯ ನೆಲ ಮಾತ್ರ. ಒಂದು ಮೂಲೆಯಲ್ಲಿ ಸ್ಕರ್ಟಿಂಗ್ (ಗೋಡೆಯ ಬುಡದ ಟೈಲ್ಸ್ ಪಟ್ಟಿ) ಗೋಡೆಗೆ ಅಂಟಿಕೊಂಡು ಮೇಲೇ ಉಳಿದಿದೆ, ಟೈಲ್ಸ್ ಕೆಳಗೆ ಹೋಗಿದೆ. ನಡುವಿನ ಸಂದಿಯಲ್ಲಿ ಬೆರಳು ತೂರುತ್ತದೆ. ಅವ್ವ ನೆಲ ಒರೆಸಿದರೆ ನೀರು ಆ ಮೂಲೆಗೇ ಹರಿದು ಸಂದಿಯೊಳಗೆ ಇಳಿಯುತ್ತದೆ. ಕಪಾಟಿನ ಕಾಲಿಗೆ ರಟ್ಟು ಮಡಚಿ ಕೊಟ್ಟಿದ್ದೇವೆ, ಇಲ್ಲದಿದ್ದರೆ ಅದರ ಬಾಗಿಲು ತಾನಾಗೇ ತೆರೆದುಕೊಳ್ಳುತ್ತದೆ. ಕೀಲಿಯಿಂದ ತಟ್ಟುತ್ತಾ ಹೋದರೆ ಅಡುಗೆಮನೆ ಕಡೆ ಗಟ್ಟಿ ಸದ್ದು, ಮೂಲೆ ಹತ್ತಿರ ಬಂದಂತೆ ಪೂರ್ತಿ ಟೊಳ್ಳು.

ಗೋಡೆ ನಿಂತಿರುವುದು ಪಾಯದ ಮೇಲೆ. ನೆಲ ನಿಂತಿರುವುದು ಪಾಯದ ಗೋಡೆಗಳ ನಡುವೆ ತುಂಬಿದ ಮಣ್ಣಿನ ಮೇಲೆ. ಆ ಮಣ್ಣನ್ನು 20 ಸೆಂಟಿಮೀಟರಿಗಿಂತ ದಪ್ಪ ಇಲ್ಲದ ಪದರಗಳಲ್ಲಿ ಹಾಕಬೇಕು, ಪ್ರತಿ ಪದರಕ್ಕೂ ನೀರು ಹಾಕಿ ಬಡಿದು ದಮ್ಮಸು ಮಾಡಬೇಕು. ಸರ್ಕಾರಿ ಕಟ್ಟಡಗಳ ನಿಯಮಾವಳಿಯಲ್ಲೂ ಇದೇ ಇದೆ. ನಮ್ಮ ಮನೆಗೆ ಮಾಡಿದ್ದೇನು? ಪಾಯ ಅಗೆದಾಗ ಬಂದ ಎರೆಮಣ್ಣನ್ನೇ ವಾಪಸ್ ಸುರಿದರು. ಜೊತೆಗೆ ಒಡೆದ ಇಟ್ಟಿಗೆ, ಸಿಮೆಂಟ್ ಚೀಲದ ಚೂರು. ಮೇಲೆ ಪೈಪ್ ಹಿಡಿದು ನೀರು ಬಿಟ್ಟು, ಜಲ್ಲಿ ಕಾಂಕ್ರೀಟ್ ಹಾಸಿ ಮುಚ್ಚಿಬಿಟ್ಟರು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಈ ಕಡೆಯ ರೈತರ ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಮನೆ ಕಟ್ಟುವವರಿಗೆ ಗೊತ್ತಿಲ್ವಾ? ಬಿಲ್ಲಿನಲ್ಲಿ ಮಾತ್ರ ಗರಸಿನ (ಹೀಗೆ ಉಬ್ಬದ, ಕಲ್ಲು ಬೆರೆತ ಮಣ್ಣಿನ) ಟ್ರ್ಯಾಕ್ಟರ್ ಲೆಕ್ಕ ಇದೆ! ಟೈಲ್ಸ್ ಬಣ್ಣ ಎಲ್ಲರೂ ನೋಡುತ್ತಾರೆ, ಅದರ ಕೆಳಗಿನದನ್ನು ಯಾರೂ ನೋಡಲ್ಲ. ದುಡ್ಡು ಹೊಡೆಯುವುದು ಅಲ್ಲೇ.

ಕಂಟ್ರಾಕ್ಟರನ ಉತ್ತರ ಕೇಳಿ. "ಹೊಸಾ ಮನಿ ಅಂದಮ್ಯಾಲ ಮಣ್ಣು ಕೂಡೂದ ರೀ." ಅದನ್ನು ಕೂರಿಸಿ ಕೊಡುವುದಕ್ಕೇ ಅಲ್ವಾ ನಿನಗೆ ದುಡ್ಡು ಕೊಟ್ಟಿದ್ದು? ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿಸಿದ ಪ್ರಾಜೆಕ್ಟಿನಲ್ಲಿ ಮನೆ ಕೊಂಡವರಿಗೆ 5 ವರ್ಷದೊಳಗೆ ಇಂಥ ದೋಷ ಕಂಡರೆ ಬಿಲ್ಡರ್ ಬಿಟ್ಟಿಯಾಗಿ ಸರಿಮಾಡಿಕೊಡಬೇಕು ಅಂತ ಕಾನೂನಿದೆ. ಸ್ವಂತ ಸೈಟಿನಲ್ಲಿ ಕಂಟ್ರಾಕ್ಟರ್ ಹಿಡಿದು ಕಟ್ಟಿಸಿದವರಿಗೆ ಅದು ಸಿಗಲ್ಲ. ಗ್ರಾಹಕರ ಕೋರ್ಟಿಗೆ ಹೋಗಬಹುದು, ಸರಿ. ಅಲ್ಲಿಯವರೆಗೆ ಅವ್ವ ಈ ಇಳಿಜಾರಿನಲ್ಲೇ ಓಡಾಡಬೇಕಾ? ಮಂಡಿ ನೋವಿನವಳು. ರಾತ್ರಿ ನೀರಿಗೆ ಎದ್ದರೂ ಗೋಡೆ ಹಿಡಿದೇ ಹೋಗುತ್ತಾಳೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಒಡೆಯುವುದು ಬೇಡ ಅಂದರೆ ಇನ್ನೊಂದು ಸಲಹೆ ರೆಡಿ. ಇದ್ದದ್ದರ ಮೇಲೇ ಗಾರೆ ಹಾಕಿ ಲೆವೆಲ್ ಮಾಡಿ ಹೊಸ ಟೈಲ್ಸ್ ಕೂರಿಸೋಣ ಅಂತ. 5 ಸೆಂಟಿಮೀಟರ್ ದಪ್ಪದ ಗಾರೆ ಅಂದರೆ ಒಂದು ಚದರ ಮೀಟರಿಗೆ ಸುಮಾರು 100 ಕಿಲೋ ಭಾರ. ಕೆಳಗೆ ಟೊಳ್ಳಿರುವ ನೆಲದ ಮೇಲೆ ಇನ್ನೂ ಭಾರ ಹೇರಿದರೆ ಏನಾಗುತ್ತದೆ ಅಂತ ಯೋಚನೆ ಬೇಡ್ವಾ?

ಒಡೆಯದೆ ಮಾಡುವ ದಾರಿ ಇದೆ. ಮೊದಲು ನೀರು ಎಲ್ಲಿಂದ ಒಳಗೆ ಹೋಗುತ್ತಿದೆ ಅಂತ ಹಿಡಿಯಬೇಕು: ಬಚ್ಚಲಿನ ನೀರು ಹೊರಹೋಗುವ ಟ್ರ್ಯಾಪ್ ಜೋಡಣೆ, ಗೋಡೆಯೊಳಗಿನ ಪೈಪು, ಹೊರಗೆ ಗೋಡೆಗೆ ತಾಗಿ ನಿಲ್ಲುವ ಮಳೆನೀರು. ಹೆಗ್ಗಣದ ಬಿಲವನ್ನೂ ನೋಡಬೇಕು. ಅದೂ ಒಳಗಿಂದ ಮಣ್ಣು ತೆಗೆದುಬಿಡುತ್ತದೆ. ಇದಾದ ಮೇಲೆ ನೆಲದಲ್ಲಿ ಅಲ್ಲಲ್ಲಿ ಸಣ್ಣ ತೂತು ಕೊರೆದು ಸಿಮೆಂಟ್ ಹಾಲನ್ನು ಕಡಿಮೆ ಒತ್ತಡದಲ್ಲಿ ಒಳಗೆ ಬಿಟ್ಟು ಟೊಳ್ಳು ತುಂಬಬೇಕು. ಪಿಯು (ಪಾಲಿಯುರೆಥೇನ್) ಫೋಮ್ ಹಾಕುವವರೂ ಇದ್ದಾರೆ. ಅದು ಹಗುರ, ಬೇಗ ಉಬ್ಬಿ ಗಟ್ಟಿಯಾಗುತ್ತದೆ, ಆದರೆ ದುಬಾರಿ. ನಮ್ಮ ಮನೆಗಳ ನೆಲದ ಕಾಂಕ್ರೀಟಿನಲ್ಲಿ ಕಬ್ಬಿಣ ಇರಲ್ಲ, ದಪ್ಪ ಮೂರು ನಾಲ್ಕು ಇಂಚು ಅಷ್ಟೇ. ಹಾಗಾಗಿ ಪೂರ್ತಿ ಮೇಲೆತ್ತುತ್ತೇನೆ ಅಂತ ಒತ್ತಡ ಜಾಸ್ತಿ ಕೊಟ್ಟರೆ ಬಿರಿಯುತ್ತದೆ. ಇನ್ನೂ ಇಳಿಯದಂತೆ ನಿಲ್ಲಿಸಿ, ಆಮೇಲೆ ಇಳಿದ ಮೂಲೆಯ ಟೈಲ್ಸ್ ಅಷ್ಟೇ ಎತ್ತಿ ಲೆವೆಲ್ ಮಾಡಿದರೆ ನನಗೆ ಸಾಕು.

ಆದರೆ ಮಾಡುವವರು ಸಿಗಬೇಕಲ್ಲ! ಹೀಗೆ ಸಿಮೆಂಟ್ ಹಾಲು ತುಂಬುವ ಗ್ರೌಟಿಂಗ್ ಮಷಿನ್ ಇರುವವರಿಗೆ ಫೋನ್ ಮಾಡಿದರೆ ಫ್ಯಾಕ್ಟರಿ, ಗೋದಾಮಿನ ಕೆಲಸ ಇದ್ದರೆ ಹೇಳಿ ಅನ್ನುತ್ತಾರೆ. ಒಂದು ಕೋಣೆಗೆ ಮಷಿನ್ ತರಲ್ಲವಂತೆ. ಗೌಂಡಿಗಳಿಗೆ ಈ ಕೆಲಸವೇ ಬೇಡ, ಒಡೆದು ಹೊಸದಾಗಿ ಮಾಡಿದರೆ ಲಾಭ ಜಾಸ್ತಿ. ಇಡೀ ನಡುಮನೆ ಒಡೆದರೆ ಧೂಳಿನಲ್ಲಿ ಅವ್ವನನ್ನು ಎಲ್ಲಿ ಇರಿಸಲಿ?

ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಎರೆಮಣ್ಣಿನ ಮೇಲಿನ ಮನೆಯಲ್ಲಿ ಯಾರಾದರೂ ಹೀಗೆ ತೂತು ಕೊರೆದು ತುಂಬಿಸಿದ್ದರೆ ದಯವಿಟ್ಟು ಹೇಳಿ. ಎರಡು ಮಳೆಗಾಲ ಕಳೆದ ಮೇಲೂ ನೆಲ ನಿಂತಿದೆಯಾ, ಅದೊಂದು ಗೊತ್ತಾಗಬೇಕು. "ಪೂರಾ ಒಡದು ಹಾಕ್ರಿ" ಅನ್ನುವವರು ಮಾತ್ರ ಸುಮ್ನೆ ಇರಿ.