ಹೆಸರು ಮುಚ್ಚಿಟ್ಟರೆ ಸಾಲದು, ಜಾಡೂ ಉಳಿಯಬಾರದು

ಹುಟ್ಟಿದ ದಿನಾಂಕ ಕೊಡದೆ, 18 ವರ್ಷ ದಾಟಿದೆ ಎಂದಷ್ಟೇ ಸಾಬೀತು ಮಾಡುವ ಡಿಜಿಟಲ್ ಪ್ರಮಾಣಪತ್ರಗಳ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಚೆನ್ನಾಗಿ ತಿಳಿಸಿದೆ. ಆದರೆ ಮುಖ್ಯವಾದ ಒಂದು ವಿಷಯ ಬಿಟ್ಟುಹೋಗಿದೆ. ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಡಿಜಿಟಲ್ ಸಹಿ, ಅಂದರೆ ಪತ್ರ ಅಸಲಿ ಎಂದು ತೋರಿಸುವ, ಪತ್ರದಿಂದ ಪತ್ರಕ್ಕೆ ಬೇರೆಯಾಗುವ ಸಂಖ್ಯೆ, ಅದರಲ್ಲಿ ಇರುತ್ತದೆ ಅಲ್ವಾ? ಹೋದ ಕಡೆಯೆಲ್ಲ ಅದೇ ಸಹಿ ತೋರಿಸಿದರೆ ಆ ಸಹಿಯೇ ನಮ್ಮ ಗುರುತಿನ ನಂಬರ್ ಆಗಿಬಿಡುತ್ತದೆ. ಎರಡು ವೆಬ್‌ಸೈಟ್‌ಗಳು ತಮ್ಮ ದಾಖಲೆ ಹೋಲಿಸಿದರೆ ಸಾಕು, ಅಲ್ಲಿ ಬಂದವರೂ ಇಲ್ಲಿ ಬಂದವರೂ ಒಬ್ಬರೇ ಎಂದು ಗೊತ್ತಾಗುತ್ತದೆ. ಹೆಸರು ಮುಚ್ಚಿಟ್ಟು ಏನು ಬಂತು?

ಒಮ್ಮೆ ಬಳಸಿ ಬಿಡುವಂಥ ಪತ್ರಗಳನ್ನು ಕಂತೆಯಾಗಿ ಕೊಡುವುದು ಒಂದು ದಾರಿ. ಪತ್ರ ಕೊಟ್ಟವರೂ ಅದನ್ನು ಪರೀಕ್ಷಿಸುವ ವೆಬ್‌ಸೈಟ್‌ಗಳೂ ಕೈಜೋಡಿಸಿದರೆ ಅದೂ ಸೋಲುತ್ತದೆ. ನನಗೆ ಜಾಸ್ತಿ ನಂಬಿಕೆ ಇರುವುದು ಝೀರೋ ನಾಲೆಜ್ ಪ್ರೂಫ್ ಮೇಲೆ, ಅಂದರೆ ಗುಟ್ಟು ಬಿಚ್ಚದೆ ಮಾತು ನಿಜ ಎಂದು ಸಾಬೀತು ಮಾಡುವ ಗಣಿತದ ವಿಧಾನದ ಮೇಲೆ. ಇಲ್ಲಿ ಸಹಿ ಹೊರಗೆ ಬರುವುದೇ ಇಲ್ಲ. ಸರಿಯಾದ ಸಹಿ ನಮ್ಮ ಬಳಿ ಇದೆ ಎಂಬ ಪುರಾವೆ ಮಾತ್ರ ಹೋಗುತ್ತದೆ, ಅದೂ ಪ್ರತಿ ಸಲ ಹೊಸದಾಗಿ. ಕಂಪ್ಯೂಟರ್ ವಿಜ್ಞಾನಿಗಳಾದ ಗೋಲ್ಡ್‌ವಾಸರ್, ಮಿಕಾಲಿ, ರ‍್ಯಾಕಾಫ್ ಈ ವಿಚಾರವನ್ನು 1985ರಲ್ಲೇ ಮುಂದಿಟ್ಟಿದ್ದರು. ಇನ್ನೂ ಕಾಯುವುದು ಯಾಕೆ?

ಪತ್ರ ರದ್ದಾಗಿದೆಯಾ ಎಂದು ಪ್ರತಿ ಸಲ ಕೊಟ್ಟ ಸಂಸ್ಥೆಯನ್ನೇ ಕೇಳುವ ವ್ಯವಸ್ಥೆಯಂತೂ ಬೇಡವೇ ಬೇಡ. ನಾವು ಎಲ್ಲೆಲ್ಲಿ ಹೋದೆವು ಎಂಬುದನ್ನು ಸುಮ್ನೆ ಅವರ ಕೈಗೆ ಕೊಟ್ಟಂತೆ ಅದು. ರದ್ದಾದವುಗಳ ಪಟ್ಟಿಯನ್ನು ಇಡಿಯಾಗಿ ಪ್ರಕಟಿಸಲಿ, ವೆಬ್‌ಸೈಟ್‌ಗಳು ಇಳಿಸಿಕೊಂಡು ತಾವೇ ನೋಡಿಕೊಳ್ಳಲಿ.