ಯಂತ್ರದ ಅಂಕಿ, ಪ್ರಬಂಧದ ಅಂಕಿ

ವೈದ್ಯಕೀಯ ಸಂಶೋಧನೆಯ ವಿಶ್ವಾಸಾರ್ಹತೆಯ ಮಾತು ಬಂದಾಗಲೆಲ್ಲ "ಅದು ಪಿಯರ್ ರಿವ್ಯೂ ಆಗಿರುವ ಪ್ರಬಂಧ", ಅಂದರೆ ಪ್ರಕಟಣೆಗೆ ಮೊದಲು ಅದೇ ಕ್ಷೇತ್ರದ ತಜ್ಞರು ಪರಿಶೀಲಿಸಿದ್ದು, ಎಂದು ಹೇಳಿ ಚರ್ಚೆ ಮುಗಿಸುವವರಿದ್ದಾರೆ. ಅಂಥವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶ್ವಾಸಕೋಶ ಪ್ರಯೋಗಾಲಯವೊಂದರ ಪ್ರಕರಣವನ್ನು ಒಮ್ಮೆ ಓದಬೇಕು ಎಂಬುದು ನನ್ನ ಆಗ್ರಹ.

ಅಲ್ಲಿ ನಡೆಯುತ್ತಿದ್ದ ಕೆಲಸ ಸ್ಥೂಲವಾಗಿ ಹೀಗಿತ್ತು. ಓಝೋನ್‌ನಂಥ ಮಾಲಿನ್ಯಕ್ಕೆ ಒಡ್ಡಿದ ಇಲಿಗಳಿಗೆ ಮೆಥಕೋಲಿನ್ ಎಂಬ ಔಷಧವನ್ನು ಹಂತಹಂತವಾಗಿ ಪ್ರಮಾಣ ಹೆಚ್ಚಿಸುತ್ತ ಕೊಡುವುದು, ಪ್ರತಿ ಹಂತದಲ್ಲೂ ಅವುಗಳ ಶ್ವಾಸನಾಳಗಳು ಎಷ್ಟು ಬಿಗಿಯುತ್ತವೆ ಎಂಬುದನ್ನು ಯಂತ್ರದಿಂದ ಅಳೆಯುವುದು. ಅಸ್ತಮಾ ಹೇಗೆ ಕೆರಳುತ್ತದೆ, ಕೆಟ್ಟ ಗಾಳಿ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆಗಳಿಗೆ ಇಂಥ ಅಳತೆಗಳೇ ಬುನಾದಿ. ಅಳತೆ ಮಾಡಿ ಅಂಕಿ ಒದಗಿಸುತ್ತಿದ್ದವರು ಒಬ್ಬ ಉದ್ಯೋಗಿ. ಆ ಅಂಕಿಗಳನ್ನು ನಂಬಿ ಹಲವು ವಿಜ್ಞಾನಿಗಳು ಪ್ರಬಂಧ ಬರೆದರು. 2013ರಲ್ಲಿ ಆ ಉದ್ಯೋಗಿ ಕೆಲಸ ಕಳೆದುಕೊಂಡದ್ದು ವಿಶ್ವವಿದ್ಯಾಲಯದ ಕ್ರೆಡಿಟ್ ಕಾರ್ಡಿನಲ್ಲಿ ಸ್ವಂತಕ್ಕೆ ಸಾಮಾನು ಕೊಂಡು 25,000 ಡಾಲರಿಗೂ ಹೆಚ್ಚು ಹಣ ದುರುಪಯೋಗ ಮಾಡಿದ ಆರೋಪದ ಮೇಲೆ. ಆಮೇಲೆ ಯಂತ್ರದ ಮೂಲ ದಾಖಲೆಗಳನ್ನು ತೆಗೆದು ನೋಡಿದರೆ, ಯಂತ್ರದ ಅಂಕಿಗೂ ಪ್ರಬಂಧಕ್ಕೆ ಹೋದ ಅಂಕಿಗೂ ತಾಳೆಯೇ ಇರಲಿಲ್ಲ. ಹತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂಪಡೆಯಬೇಕಾಯಿತು.

ಲೆಕ್ಕಪತ್ರ ವಿಭಾಗ ರಸೀದಿಗಳನ್ನು ಕೇಳುತ್ತದೆ. ವಿಜ್ಞಾನ ಪತ್ರಿಕೆ ಕೇಳುವುದಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಕಾಡಿದ್ದು ಇಷ್ಟೇ. ಪ್ರಬಂಧವನ್ನು ಪರಿಶೀಲಿಸುವವರ ಮುಂದೆ ಇರುವುದು ಕೋಷ್ಟಕ ಮತ್ತು ಗ್ರಾಫ್. ವಿಧಾನ ಸರಿಯಿದೆಯೇ, ತರ್ಕ ನಿಲ್ಲುತ್ತದೆಯೇ ಎಂದು ಅವರು ನೋಡುತ್ತಾರೆ, ಬಹುಪಾಲು ಪ್ರಾಮಾಣಿಕವಾಗಿಯೇ ನೋಡುತ್ತಾರೆ. ಆದರೆ ಅಳತೆ ನಿಜವಾಗಿ ನಡೆದಿದೆಯೇ ಎಂದು ನೋಡುವ ದಾರಿ ಅವರಿಗಿಲ್ಲ. ಕೈಯಾರೆ ಹೆಣೆದ ಅಂಕಿಗಳು ಊಹೆಗೆ ತಕ್ಕಂತೆ ಅಚ್ಚುಕಟ್ಟಾಗಿ ಕೂರುವುದರಿಂದ ಅವೇ ಸುಲಭವಾಗಿ ಪಾಸಾಗುತ್ತವೆ.

ನಮ್ಮ ಯಾವುದೇ ಆಸ್ಪತ್ರೆಯಲ್ಲಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪಿಎಫ್‌ಟಿ ಕೋಣೆಯಲ್ಲಿ ಅರ್ಧ ಗಂಟೆ ಕುಳಿತರೆ ನಿಜವಾದ ಅಳತೆ ಎಷ್ಟು ಒರಟು ಎಂಬುದು ತಿಳಿಯುತ್ತದೆ. ಮೂಗಿಗೆ ಕ್ಲಿಪ್ ಹಾಕಿ "ಉಸಿರು ತುಂಬಾ ಎಳ್ಕೊಳ್ಳಿ ಅಜ್ಜಾ, ಈಗ ಊದಿ, ಊದಿ, ಊದಿ, ಬಿಡಬೇಡಿ" ಎಂದು ಟೆಕ್ನೀಷಿಯನ್ ಗಂಟಲು ಹರಿಯುವಂತೆ ಕೂಗುತ್ತಿದ್ದರೆ, ಅಜ್ಜ ನಡುವೆಯೇ ಕೆಮ್ಮುತ್ತಾರೆ, ತುಟಿ ಸಡಿಲಾಗಿ ಗಾಳಿ ಸೋರುತ್ತದೆ. ಸರಿಯಾದ ಊದುವಿಕೆ ಕನಿಷ್ಠ ಮೂರಾದರೂ ಸಿಗಬೇಕು, ಅವುಗಳಲ್ಲಿ ಅತ್ಯುತ್ತಮವಾದ ಎರಡರ ನಡುವಿನ ವ್ಯತ್ಯಾಸ 150 ಮಿಲಿಲೀಟರ್ ಮೀರಬಾರದು ಎಂಬುದು ನಿಯಮ. ಮೂರನೆಯದು ಸಿಗದಿದ್ದಾಗ, ಹೊರಗೆ ಸಾಲು ಬೆಳೆಯುತ್ತಿದ್ದಾಗ, ಒಂದು ಅಂಕಿ ತುಂಬಿಬಿಡೋಣ ಎಂಬ ಆಮಿಷ ಎಷ್ಟು ಹತ್ತಿರದಲ್ಲಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಡ್ಯೂಕ್ ಪ್ರಕರಣವನ್ನು ದಡ ಮುಟ್ಟಿಸಿದ್ದೂ ವಿಜ್ಞಾನ ಪತ್ರಿಕೆಗಳಲ್ಲ, ಒಂದು ಹಳೆಯ ಕಾನೂನು. ಅಂತರ್ಯುದ್ಧದ ಕಾಲದಲ್ಲಿ ಸೇನೆಗೆ ಕಳಪೆ ಮಾಲು ಸಾಗಿಸಿದ ಗುತ್ತಿಗೆದಾರರನ್ನು ಹಿಡಿಯಲು 1863ರಲ್ಲಿ ಮಾಡಿದ ಫಾಲ್ಸ್ ಕ್ಲೇಮ್ಸ್ ಆಕ್ಟ್ ಅಡಿಯಲ್ಲಿ, ಅದೇ ವಿಶ್ವವಿದ್ಯಾಲಯದ ಉದ್ಯೋಗಿಯಾಗಿದ್ದ ಜೋಸೆಫ್ ಥಾಮಸ್ ಸರ್ಕಾರದ ಪರವಾಗಿ ಮೊಕದ್ದಮೆ ಹೂಡಿದರು. ಸುಳ್ಳು ಅಂಕಿಗಳ ಮೇಲೆ ಸರ್ಕಾರದ 30 ಅನುದಾನಗಳನ್ನು ಪಡೆಯಲಾಗಿದೆ ಎಂಬ ಆರೋಪ 2019ರ ಮಾರ್ಚಿನಲ್ಲಿ ರಾಜಿಯಲ್ಲಿ ಮುಗಿಯಿತು: ವಿಶ್ವವಿದ್ಯಾಲಯ 11.25 ಕೋಟಿ ಡಾಲರ್ ಕಟ್ಟಲು ಒಪ್ಪಿತು, ಅದರಲ್ಲಿ 3.375 ಕೋಟಿ ಥಾಮಸ್ ಅವರ ಪಾಲಿಗೆ ಬಂತು. ದೂರು ಕೊಟ್ಟವನಿಗೆ ಇಷ್ಟೊಂದು ಹಣವೇ ಎಂದು ಹುಬ್ಬೇರಿಸುವವರು, ದೂರು ಕೊಟ್ಟವನ ವೃತ್ತಿಜೀವನ ಆಮೇಲೆ ಏನಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಪತ್ರಿಕೆಗಳು ಬೇಗ ತಿದ್ದಿಕೊಂಡ ಉದಾಹರಣೆ ಇಲ್ಲವೆಂದಲ್ಲ. 2020ರ ಮೇ 22ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 671 ಆಸ್ಪತ್ರೆಗಳ 96,032 ಕೋವಿಡ್ ರೋಗಿಗಳ ದಾಖಲೆ ಆಧರಿಸಿದ್ದೆಂದು ಹೇಳಿಕೊಂಡ, ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧದ ಕುರಿತ ಪ್ರಬಂಧವನ್ನು ಜೂನ್ 4ರಂದೇ ಹಿಂಪಡೆಯಲಾಯಿತು. ಆ ದಾಖಲೆಗಳನ್ನು ಒದಗಿಸಿದ್ದ ಸರ್ಜಿಸ್ಫಿಯರ್ ಕಂಪನಿ ತನ್ನ ಮೂಲ ದತ್ತಾಂಶವನ್ನು ಸ್ವತಂತ್ರ ಪರಿಶೀಲನೆಗೆ ಕೊಡಲೇ ಇಲ್ಲ. ಅಷ್ಟು ಬೇಗ ಬಣ್ಣ ಬಯಲಾದದ್ದು ಜಗತ್ತಿನ ಕಣ್ಣೆಲ್ಲ ಆ ಒಂದು ಪ್ರಬಂಧದ ಮೇಲಿದ್ದುದರಿಂದ. ಆಸ್ಟ್ರೇಲಿಯದಲ್ಲಿ ಅಧಿಕೃತವಾಗಿ ದಾಖಲಾದ ಕೋವಿಡ್ ಸಾವುಗಳಿಗಿಂತ ಪ್ರಬಂಧದಲ್ಲಿದ್ದ ಸಾವುಗಳೇ ಹೆಚ್ಚು ಎಂಬುದನ್ನು ಓದುಗರು ಎಣಿಸಿ ತೋರಿಸಿದ್ದರಿಂದ. ಇಲಿಯ ಶ್ವಾಸನಾಳದ ಅಂಕಿಗಳನ್ನು ಹಾಗೆ ಎಣಿಸುತ್ತ ಕೂರುವವರು ಯಾರು?

ನಮ್ಮಲ್ಲಿ ಎಂ.ಡಿ. ಓದುವ ಪ್ರತಿಯೊಬ್ಬರೂ ಡಿಸರ್ಟೇಷನ್ ಎಂಬ ಸಂಶೋಧನಾ ಪ್ರಬಂಧ ಬರೆಯಲೇಬೇಕು, ವೈದ್ಯಕೀಯ ಕಾಲೇಜಿನ ಬೋಧಕರಿಗೆ ಬಡ್ತಿ ಬೇಕೆಂದರೆ ಪ್ರಬಂಧ ಇರಲೇಬೇಕು. ಅಧ್ಯಯನದ ರೂಪರೇಷೆಯಾದ ಸಿನಾಪ್ಸಿಸ್ ಸಲ್ಲಿಸುವಾಗ ಎಥಿಕ್ಸ್ ಕಮಿಟಿಯು ರೋಗಿಗಳ ಒಪ್ಪಿಗೆ ಪತ್ರದ ನಮೂನೆಯನ್ನು ಸೂಕ್ಷ್ಮವಾಗಿ ನೋಡುತ್ತದೆ. ಕೊನೆಯಲ್ಲಿ, ಎಲ್ಲ ರೋಗಿಗಳ ಅಂಕಿಗಳನ್ನು ಪಟ್ಟಿ ಮಾಡಿದ ಮಾಸ್ಟರ್ ಚಾರ್ಟನ್ನು ಮೂಲ ದಾಖಲೆಯ ಪಕ್ಕ ಇಟ್ಟು ನೋಡುವ ಪದ್ಧತಿ ಮಾತ್ರ ನಾನು ಕಂಡಂತೆ ಅಪರೂಪ. ಗೈಡ್ ಸಹಿ ಹಾಕುವ ಮೊದಲು ಆ ಚಾರ್ಟಿನಿಂದ ತಮಗೆ ತೋಚಿದ ಹತ್ತು ಸಾಲು ಆರಿಸಿಕೊಂಡು, ಆ ರೋಗಿಗಳನ್ನು ಊದಿಸಿ ಅಳೆದ ಸ್ಪೈರೋಮೆಟ್ರಿ ಪ್ರಿಂಟ್‌ಔಟ್ ತರಿಸಿ ಹೋಲಿಸಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಸಾಫ್ಟ್‌ವೇರ್ ಬೇಕಿಲ್ಲ, ಒಂದು ಮಧ್ಯಾಹ್ನ ಸಾಕು.

ಹೋಲಿಸಬೇಕಾದ ಗೈಡೇ ತಪ್ಪಿನಲ್ಲಿ ಪಾಲುದಾರರಾಗಿದ್ದರೆ ಪರಿಸ್ಥಿತಿ ಬೇರೆ, ಅದಕ್ಕೆ ನನ್ನ ಬಳಿಯೂ ಸುಲಭದ ಉತ್ತರವಿಲ್ಲ. ದೂರು ಕೊಡಬೇಕಾದ ವಿದ್ಯಾರ್ಥಿಯ ಪ್ರಾಕ್ಟಿಕಲ್ ಪರೀಕ್ಷೆ ನಡೆಯುವುದು ಅದೇ ವಿಭಾಗದಲ್ಲಿ. ಥಾಮಸ್ ಬೆನ್ನಿಗಿದ್ದಂಥ ಕಾನೂನು ಆತನಿಗಿಲ್ಲ. ಸರ್ಕಾರಿ ನೌಕರರ ಭ್ರಷ್ಟಾಚಾರದ ವಿರುದ್ಧ ದನಿಯೆತ್ತುವವರ ರಕ್ಷಣೆಗೆಂದು ಸಂಸತ್ತು 2014ರಲ್ಲಿ ಅಂಗೀಕರಿಸಿದ ಕಾಯ್ದೆಯೂ ದಶಕ ಕಳೆದರೂ ಜಾರಿಗೆ ಬರಲಿಲ್ಲ.